ವಾಹನ ಆಂಪ್ಲಿಫೈಯರಿನ ಗೇನ್ ಹೊಂದಾಣಿಕೆ

ಶಿರಗುಪ್ಪಿ, ಉಗಾರ ಕಡೆ ಕಬ್ಬು ಹೇರಿದ ಟ್ರ್ಯಾಕ್ಟರಿನ ಹಾಡು ದೂರದಿಂದಲೇ ಕೇಳುತ್ತದೆ. ಅದು ಒಡೆದು ಕೇಳಿದರೆ ಮೊದಲು ನೋಡಬೇಕಾದದ್ದು ಗೇನ್ ತಿರುಪನ್ನು. ಗೇನ್ ಎಂದರೆ ವಾಲ್ಯೂಮ್ ಅಲ್ಲ; ಸ್ಟೀರಿಯೊ ಕೊಡುವ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು. ಬಾಸ್ ಬೂಸ್ಟ್ ಸೊನ್ನೆಗಿಳಿಸಿ, ಸ್ಪೀಕರ್ ವೈರ್ ಬಿಚ್ಚಿ, ವಾಲ್ಯೂಮ್ ಮುಕ್ಕಾಲಿಗಿಟ್ಟು 50 ಹರ್ಟ್ಸ್ ಸ್ವರ ಹಾಕಬೇಕು. 4 ಓಮ್ ಸ್ಪೀಕರಿಗೆ 100 ವ್ಯಾಟ್ ಕೊಡುವ ಆಂಪ್ಲಿಫೈಯರಾದರೆ, ಗೇನ್ ತಿರುಪನ್ನು ಮೆಲ್ಲಗೆ ಏರಿಸುತ್ತ, ಆಂಪ್ಲಿಫೈಯರಿನ ಸ್ಪೀಕರ್ ತುದಿಗಳಿಗೆ ಹಿಡಿದ ಮೀಟರಿನಲ್ಲಿ ಎಸಿ 20 ವೋಲ್ಟ್ ಬಂದಲ್ಲಿಗೆ ಕೈ ನಿಲ್ಲಬೇಕು. ಕಿವಿಯೇ ಸಾಕೆಂಬ ವಾದವುಂಟು. ಆದರೆ ಬಾಸಿನ ಸಣ್ಣ ಒಡಕು ಕಿವಿಗೆ ಸುಲಭವಾಗಿ ಸಿಗದು, ಅಷ್ಟರಲ್ಲಿ ಸ್ಪೀಕರಿನ ವಾಯ್ಸ್ ಕಾಯಿಲ್ ಕಾದಿರುತ್ತದೆ. ಮೀಟರೂ ಒಡಕನ್ನು ನೇರ ತೋರಿಸದೆಂಬ ಆಕ್ಷೇಪ ಸರಿಯೇ, ಅದಕ್ಕೆ ಆಸಿಲೋಸ್ಕೋಪೇ ಬೇಕು. ಆದರೂ ಮೀಟರು ಮಿತಿಯನ್ನಂತೂ ಹೇಳುತ್ತದೆ. ಆಮೇಲೆ ಬೂಸ್ಟನ್ನು 6 ಡೆಸಿಬೆಲ್ ಏರಿಸಿದರೆ ಆ ಸ್ವರ ಬೇಡುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. 100 ವ್ಯಾಟಿನ ಪೆಟ್ಟಿಗೆ 400 ಎಲ್ಲಿಂದ ತಂದೀತು? ಬೂಸ್ಟ್ ಬೇಕೇ ಬೇಕೆಂದರೆ ಗೇನನ್ನು ಅಷ್ಟೇ ಇಳಿಸಬೇಕು.