ಪುಣೆ ಬಿಟ್ಟ ಪ್ರಯೋಗಾಲಯವೂ ನಿಮ್ಮ ಮನೆಯ ಬೆಕ್ಕೂ

ಪುಣೆ ಎಂದರೆ ನಿಮಗೆ ಶನಿವಾರವಾಡೆ, ಪೇಶ್ವೆಗಳು ನೆನಪಾಗಬಹುದು. ನಮ್ಮ ದೇಶದಲ್ಲಿ ಪ್ರಾಣಿಗಳ ರೋಗಗಳ ಸಂಶೋಧನೆಗೂ ಈ ಊರೇ ತವರು ಎಂಬುದು ಗೊತ್ತೇ? 1889ರ ಡಿಸೆಂಬರ್ 9ರಂದು ಇಲ್ಲಿನ ವಿಜ್ಞಾನ ಕಾಲೇಜಿನಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ಆರಂಭವಾಯಿತು. ದನಕರುಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ರಿಂಡರ್‌ಪೆಸ್ಟ್ ಎಂಬ ದೊಡ್ಡರೋಗವೇ ಆಗಿನ ಮುಖ್ಯ ಚಿಂತೆ. ಡಾ. ಆಲ್ಫ್ರೆಡ್ ಲಿಂಗಾರ್ಡ್ ಅದರ ಮುಖ್ಯಸ್ಥರಾಗಿದ್ದರು.

ಆದರೆ ಸೋಂಕು ಹರಡುವ ರೋಗಾಣುಗಳನ್ನು ಜನನಿಬಿಡ ಊರಿನಲ್ಲಿ ಇಟ್ಟುಕೊಳ್ಳುವುದು ಅಪಾಯವಲ್ಲವೇ? 1893ರಲ್ಲಿ ಪ್ರಯೋಗಾಲಯ ಹಿಮಾಲಯದ ಕುಮಾವೂ ಬೆಟ್ಟಗಳ ಮುಕ್ತೇಶ್ವರಕ್ಕೆ ಹೋಯಿತು. ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಅದೇ. ದೊಡ್ಡರೋಗ ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಘೋಷಣೆಯಾಯಿತು. ಲಸಿಕೆ ಮತ್ತು ರೋಗಿಯನ್ನು ಬೇರೆ ಇಡುವುದು, ಈ ಎರಡೂ ಸೇರಿಯೇ ಆ ಗೆಲುವು.

ದನಕ್ಕೆ ಸಿಕ್ಕ ಗಮನ ಬೆಕ್ಕಿಗೆ ಸಿಗಲು ತಡವಾಯಿತು. ಮರಿಗಳು ವಾಂತಿ, ಭೇದಿಯಿಂದ ಒಂದೆರಡು ದಿನಗಳಲ್ಲೇ ಸಾಯುತ್ತಿದ್ದರೆ ಜನ ವಿಷಪ್ರಾಶನವೆಂದು ಶಂಕಿಸುತ್ತಿದ್ದುದೂ ಉಂಟು. ಅದಕ್ಕೆ ವೈರಸ್ ಕಾರಣವೆಂದು 1928ರಲ್ಲಿ ಫ್ರಾನ್ಸಿನ ವೆರ್ಜ್ ಮತ್ತು ಕ್ರಿಸ್ಟೊಫೊರೋನಿ ತೋರಿಸಿದರು. ಅದೇ ಪ್ಯಾನ್‌ಲ್ಯೂಕೋಪೀನಿಯಾ. ಈ ವೈರಸ್ ಕರುಳನ್ನೂ ಎಲುಬಿನ ಮಜ್ಜೆಯನ್ನೂ ಹಾಳುಮಾಡುತ್ತದೆ. ಬಿಳಿ ರಕ್ತಕಣಗಳು ಕುಸಿಯುತ್ತವೆ. ಬೆಕ್ಕಿನ ರಕ್ತ ಕ್ಯಾನ್ಸರಿನ ವೈರಸ್ 1964ರಲ್ಲಿ, ಏಡ್ಸ್‌ನಂಥ ರೋಗ ತರುವ ವೈರಸ್ 1986ರಲ್ಲಿ ಪತ್ತೆಯಾದವು.

1978ರಲ್ಲಿ ಇನ್ನೊಂದು ತಿರುವು. ಪ್ಯಾನ್‌ಲ್ಯೂಕೋಪೀನಿಯಾದ ಹತ್ತಿರದ ಸಂಬಂಧಿಯಾದ ಪಾರ್ವೊ ವೈರಸ್ ನಾಯಿಗಳಲ್ಲಿ ಕಾಣಿಸಿಕೊಂಡು ಜಗತ್ತಿನ ತುಂಬ ಹಬ್ಬಿತು. ನಾಯಿಗಳಿಗೆಂದೇ ಲಸಿಕೆ ಸಿದ್ಧವಾಗುವ ತನಕ ಬೆಕ್ಕಿನ ಲಸಿಕೆಯನ್ನೇ ಅವಕ್ಕೂ ಹಾಕಿದರು!

ಇದೆಲ್ಲ ಹಳೆಯ ಕಥೆ ಎನ್ನಬೇಡಿ. 2023ರಲ್ಲಿ ನಮ್ಮ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಪ್ಯಾನ್‌ಲ್ಯೂಕೋಪೀನಿಯಾ ತಗುಲಿ ಏಳು ಚಿರತೆ ಮರಿಗಳು ಸತ್ತವು. ಅವಕ್ಕೆ ಲಸಿಕೆ ಹಾಕಲಾಗಿತ್ತೆಂದು ಅಧಿಕಾರಿಗಳು ತಿಳಿಸಿದ್ದರು. ಅಂದರೆ ಲಸಿಕೆ ಬೇಕೇ ಬೇಕು, ಆದರೆ ಅದೊಂದೇ ಸಾಲದು.

ಹಾಗಾದರೆ ನೀವೇನು ಮಾಡಬೇಕು? ತಾಯಿಯಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯದೆ ಹೋಗಬಹುದು. ಆದ್ದರಿಂದ ಆರರಿಂದ ಎಂಟು ವಾರದ ವಯಸ್ಸಿಗೆ ಮೊದಲ ಚುಚ್ಚುಮದ್ದು, ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವ ತನಕ ಹಾಕಿಸಿ. ಒಂದು ಚುಚ್ಚಿಸಿ ನಿಲ್ಲಿಸಬೇಡಿ. ರೇಬೀಸ್ ಲಸಿಕೆಯನ್ನೂ ಮರೆಯಬೇಡಿ. ಅದು ನಿಮ್ಮ ಮಕ್ಕಳ ಜೀವದ ಪ್ರಶ್ನೆಯೂ ಹೌದು.

ಬೀದಿಯಿಂದ ತಂದ ಮರಿಯನ್ನು ಕನಿಷ್ಠ ಎರಡು ವಾರ ಬೇರೆ ಕೋಣೆಯಲ್ಲಿಡಿ. ತಟ್ಟೆ, ಹಾಸಿಗೆಯೂ ಬೇರೆ ಇರಲಿ. ಈ ವೈರಸ್ ನೆಲದ ಮೇಲೆ ಒಂದು ವರ್ಷದವರೆಗೂ ಬದುಕಬಲ್ಲದು, ನಿಮ್ಮ ಚಪ್ಪಲಿಯಲ್ಲೂ ಮನೆಗೆ ಬರಬಲ್ಲದು. ಫಿನಾಯಿಲ್ ನೆಚ್ಚಬೇಡಿ, ಬೆಕ್ಕಿಗೆ ಅದು ವಿಷ. ನೀರು ಬೆರೆಸಿದ ಬ್ಲೀಚ್‌ನಿಂದ ನೆಲ ಒರೆಸಿ, ಒಣಗಿದ ಮೇಲೆ ಬೆಕ್ಕನ್ನು ಬಿಡಿ. ಮರಿ ಊಟ ಬಿಟ್ಟು ವಾಂತಿ ಮಾಡಿದರೆ ನಾಳೆ ನೋಡೋಣ ಎನ್ನದೆ ಅಂದೇ ಪಶುವೈದ್ಯರ ಬಳಿ ಒಯ್ಯಿರಿ.