ಗುರುವನ್ನು ಬಿಟ್ಟು ಹೊರಟ ಸಿದ್ಧಾರ್ಥ

ಹರ್ಮನ್ ಹೆಸ್ಸೆಯ 'ಸಿದ್ಧಾರ್ಥ' ಕಾದಂಬರಿಯ ನಾಯಕ ಬುದ್ಧನಲ್ಲ. ಬುದ್ಧನ ಕಾಲದ ಒಬ್ಬ ಬ್ರಾಹ್ಮಣಕುಮಾರ. ಬುದ್ಧನ ಹೆಸರನ್ನೇ ಅವನಿಗೆ ಇಟ್ಟಿರುವುದರಿಂದ ಹೊಸ ಓದುಗರು ಗೊಂದಲಕ್ಕೊಳಗಾಗುವುದುಂಟು. (ಜೈನ ಪರಂಪರೆಯನ್ನು ಬಲ್ಲವರಿಗೆ ಆ ಹೆಸರು ಮಹಾವೀರನ ತಂದೆಯನ್ನೂ ನೆನಪಿಸುತ್ತದೆ.)

1922ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಈ ಕೃತಿಯ ಹಿಂದೆ ಮನೆತನದ ನಂಟೊಂದಿದೆ. ಹೆಸ್ಸೆಯ ತಾಯಿಯ ತಂದೆ ಹರ್ಮನ್ ಗುಂಡರ್ಟ್ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ತಲಶ್ಶೇರಿಯಲ್ಲಿದ್ದು ಮಲಯಾಳಂ ನಿಘಂಟನ್ನು ರಚಿಸಿದವನು. ಕನ್ನಡಕ್ಕೆ 'ಮಂಗಳೂರ ಸಮಾಚಾರ'ವನ್ನಿತ್ತ ಮೋಗ್ಲಿಂಗ್, ನಿಘಂಟನ್ನಿತ್ತ ಕಿಟ್ಟೆಲ್ ಇಬ್ಬರೂ ಅದೇ ಮಿಶನ್ನಿನವರು. ಹೆಸ್ಸೆಯ ತಾಯಿ ಹುಟ್ಟಿದ್ದೂ ಮಲಬಾರಿನಲ್ಲೇ. ಆದರೆ 1911ರಲ್ಲಿ ಪೂರ್ವದೇಶಗಳಿಗೆ ಹೊರಟ ಹೆಸ್ಸೆ ಸಿಂಹಳ, ಸುಮಾತ್ರಾಗಳನ್ನು ಕಂಡು ನಿರಾಶನಾಗಿ ಮರಳಿದ.

1919ರ ಕೊನೆಯಲ್ಲಿ ಆರಂಭವಾದ ಬರವಣಿಗೆ ನಡುವೆ ವರ್ಷಕ್ಕೂ ಮಿಕ್ಕಿ ನಿಂತುಹೋಯಿತು. ಉಪವಾಸ, ತಪಸ್ಸು, ತಳಮಳಗಳ ಸಿದ್ಧಾರ್ಥನನ್ನು ಚಿತ್ರಿಸಿದ ಲೇಖಕನಿಗೆ ಗೆದ್ದ ಸಿದ್ಧಾರ್ಥನನ್ನು ಚಿತ್ರಿಸಲಾಗಲಿಲ್ಲ. ಆ ಗೆಲುವು ಅವನ ಅನುಭವಕ್ಕೆ ಬಂದಿರಲಿಲ್ಲ. 1921ರಲ್ಲಿ ಅವನು ಯೂಂಗ್‌ನ ಬಳಿ ಮನೋವಿಶ್ಲೇಷಣೆಗೆ ಒಳಗಾದ. ಉಳಿದ ಭಾಗ ಮುಗಿದದ್ದು ಮರುವರ್ಷ. ಸ್ಫೂರ್ತಿ ಬಯಸಿ ಈ ಕಾದಂಬರಿಯನ್ನು ಹಿಡಿಯುವವರು ತಿಳಿದಿರಬೇಕಾದ ಸಂಗತಿಯಿದು.

ಜೇತವನದಲ್ಲಿ ಗೌತಮನನ್ನು ಕಂಡ ಸಿದ್ಧಾರ್ಥ ಆ ಬೋಧನೆಯನ್ನು ಮನಸಾರೆ ಮೆಚ್ಚುತ್ತಾನೆ, ಆದರೂ ಶಿಷ್ಯನಾಗುವುದಿಲ್ಲ. ಬೋಧಿಯ ಗಳಿಗೆಯಲ್ಲಿ ಬುದ್ಧನಿಗೆ ಆದದ್ದೇನು ಎಂಬುದು ಯಾವ ಬೋಧನೆಯಲ್ಲೂ ಇಲ್ಲವೆಂಬುದು ಅವನ ಆಕ್ಷೇಪ. ಗೆಳೆಯ ಗೋವಿಂದ ಸಂಘ ಸೇರುತ್ತಾನೆ. ಇಂಗ್ಲಿಷ್ ಅನುವಾದ ಬಂದದ್ದು 1951ರಲ್ಲಿ. 60ರ ದಶಕದ ಅಮೆರಿಕದ ತರುಣರಲ್ಲಿ ಅನೇಕರು ಈ ಪ್ರಸಂಗದಲ್ಲಿ ಗುರುನಿರಾಕರಣೆಯ ಬಾವುಟವನ್ನೇ ಕಂಡರು. ಅದು ಅರ್ಧ ಓದು. ನಗರದಲ್ಲಿ ಕಮಲೆಯ ಪ್ರೇಮವನ್ನೂ ವ್ಯಾಪಾರಿ ಕಾಮಸ್ವಾಮಿಯ ಲೇವಾದೇವಿಯನ್ನೂ ಕಂಡು ಬೇಸತ್ತ ಇದೇ ಸಿದ್ಧಾರ್ಥ ಮುಂದೆ ದೋಣಿಗಾರ ವಾಸುದೇವನ ಗುಡಿಸಲಿನಲ್ಲಿ ವರ್ಷಗಟ್ಟಲೆ ಹುಟ್ಟು ಹಾಕುತ್ತಾನೆ, ನದಿಗೆ ಕಿವಿಗೊಡುತ್ತಾನೆ. ಮಗ ತನ್ನನ್ನು ತೊರೆದು ಓಡಿಹೋದಾಗ, ತಾನೂ ಹಿಂದೆ ತಂದೆಯನ್ನು ತೊರೆದು ಬಂದದ್ದರ ನೋವು ಅವನಿಗೆ ತಟ್ಟುತ್ತದೆ. ಕಾದಂಬರಿಯ ನಿಜವಾದ ತಪಸ್ಸು ಇಲ್ಲಿದೆ. ಕಾಡಿನ ಇಪ್ಪತ್ತೆಂಟು ದಿನಗಳ ಉಪವಾಸದಲ್ಲಿ ಅಲ್ಲ.

ಶ್ರಮಣ ಸಾಹಿತ್ಯದಲ್ಲಿ ಇಂಥವನಿಗೆ ಹತ್ತಿರವಾದ ಕಲ್ಪನೆಯೆಂದರೆ ಪ್ರತ್ಯೇಕಬುದ್ಧ. ಕರಕಂಡು, ನಮಿ ಮೊದಲಾದ ನಾಲ್ವರು ಅರಸರ ಕಥೆ ಬೌದ್ಧ ಜಾತಕದಲ್ಲೂ ಜೈನ ಉತ್ತರಾಧ್ಯಯನದ ಪರಂಪರೆಯಲ್ಲೂ ಬರುತ್ತದೆ. ಬಳೆಗಳು ಒಂದಕ್ಕೊಂದು ತಾಗಿ ಸದ್ದುಮಾಡುವುದು, ಒಂಟಿ ಬಳೆ ಮೌನವಾಗಿರುವುದು — ಇಂಥ ಬಾಹ್ಯನಿಮಿತ್ತದಿಂದ ಒಬ್ಬ ಅರಸ ಎಚ್ಚರಗೊಳ್ಳುತ್ತಾನೆ. ಸಿದ್ಧಾರ್ಥನಿಗೆ ನದಿಯೇ ಆ ನಿಮಿತ್ತ. ಹೆಸ್ಸೆ ಈ ಕಥೆಗಳನ್ನು ಅನುಸರಿಸಿದನೆಂದು ಹೇಳಬೇಕಾಗಿಲ್ಲ. ಹೋಲಿಕೆ ಮಾತ್ರ ಗಮನಾರ್ಹ.

ಕೊನೆಯಲ್ಲಿ ಮುದಿ ಭಿಕ್ಷುವಾಗಿ ನದೀತೀರಕ್ಕೆ ಬರುವ ಗೋವಿಂದ ಅಲ್ಲಿಯೂ ಒಂದು ಉಪದೇಶದ ಮಾತನ್ನೇ ಬೇಡುತ್ತಾನೆ. ಗೆಳೆಯನ ಮಾತು ಅವನಿಗೆ ವಿಚಿತ್ರವೆನಿಸುತ್ತದೆ. ಬಾಗಿ ಅವನ ಹಣೆಗೆ ಮುತ್ತಿಟ್ಟಾಗ ಆ ಒಂದು ಮುಖದಲ್ಲಿ ಸಾವಿರ ಮುಖಗಳು ಹರಿದುಹೋಗುವುದು ಕಾಣುತ್ತದೆ.