ಕನ್ನಡ ನಾಡಿನಲ್ಲಿ ಅಭ್ಯಂಗ

ಮೈಗೆ ಎಣ್ಣೆ ಹಚ್ಚಿ ತಿಕ್ಕುವ ಅಭ್ಯಂಗವನ್ನು ವಾಗ್ಭಟನ ಆಯುರ್ವೇದ ಗ್ರಂಥ ‘ಅಷ್ಟಾಂಗಹೃದಯ’ವು ದಿನಚರಿಯ ಭಾಗವಾಗಿಯೇ ವಿಧಿಸುತ್ತದೆ, ಅದು ಮುಪ್ಪನ್ನೂ ಆಯಾಸವನ್ನೂ, ದೇಹದ ಚಲನೆಗೆ ಕಾರಣವೆಂದು ಆಯುರ್ವೇದವು ಭಾವಿಸುವ ವಾತದೋಷದ ಕೆರಳಿಕೆಯನ್ನೂ ತಗ್ಗಿಸುತ್ತದೆಂದು ಹೇಳಿ, ತಲೆ, ಕಿವಿ ಮತ್ತು ಪಾದಗಳಿಗೆ ವಿಶೇಷ ಗಮನ ಕೊಡಬೇಕೆನ್ನುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಇದು ಅರಸನ ಸ್ನಾನಭೋಗದ, ಅಂದರೆ ಸ್ನಾನಸುಖದ, ಅಂಗವಾಗಿದೆ.

ಪ್ರಾಯದ ದೇಹಕ್ಕೆ ಎಣ್ಣೆಯು ಸಾಧನೆಯ ಜೊತೆಗಾರನಾಗಿದ್ದುದನ್ನು ವಿಜಯನಗರದ ದಾಖಲೆಯೊಂದು ತೋರಿಸುತ್ತದೆ. ಸುಮಾರು 1520ರಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ನಸುಕಿನಲ್ಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಬಳಿದುಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ನಡೆಸಿ, ಬಳಿಕ ಜಟ್ಟಿಯೊಬ್ಬನೊಡನೆ ಸೆಣಸುತ್ತಿದ್ದನೆಂದು ಬರೆದಿದ್ದಾನೆ. ಮುಂದೆ ಮೈಸೂರಿನ ಗರಡಿಮನೆಗಳಲ್ಲಿಯೂ ಕುಸ್ತಿಯ ದಣಿವಿಗೆ ಮಾಲೀಸೇ ಮದ್ದಾಯಿತು.

ಆದರೆ ಅರಮನೆ, ಗರಡಿಗಳಿಗಿಂತ ಆಳವಾಗಿ ಈ ವಿದ್ಯೆ ಬೇರೂರಿದ್ದು ಬಚ್ಚಲುಮನೆಯಲ್ಲಿ. ಹೆರಿಗೆಯ ಬಳಲಿಕೆಯಿಂದ ಸಡಿಲಗೊಂಡ ಬಾಣಂತಿಯ ಸೊಂಟ, ಬೆನ್ನು, ಕಾಲುಗಳಿಗೆ ಸೂಲಗಿತ್ತಿಯೋ ಮನೆಯ ಹಿರಿಯಳೋ ಬೆಚ್ಚಗಿನ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರನ್ನು ಧಾರಾಳವಾಗಿ ಹೊಯ್ದು, ಬೆವರುವಂತೆ ಹೊದಿಸಿ ಮಲಗಿಸುವ ಕ್ರಮವು ತಲೆಮಾರುಗಳಿಂದ ನಡೆದುಬಂದಿದೆ. ಎಷ್ಟು ಒತ್ತಬೇಕು, ಎಲ್ಲಿ ಕೈ ಹಗುರಾಗಬೇಕು ಎಂಬುದನ್ನು ಬೆರಳುಗಳಲ್ಲೇ ಕಾಪಾಡಿಕೊಂಡ ಈ ಹೆಂಗಸರ ಹೆಸರುಗಳನ್ನು ಚರಿತ್ರೆಯು ಬರೆದಿಡದಿರುವುದು ನಿಜಕ್ಕೂ ದೊಡ್ಡ ನಷ್ಟ. ಇಳಿವಯಸ್ಸಿನವರ ಮಂಡಿನೋವಿಗೂ ಬಿಗಿದ ಕೀಲುಗಳಿಗೂ ಹರಳೆಣ್ಣೆ ನೀವುತ್ತಿದ್ದವರು ಹೆಚ್ಚಾಗಿ ಇವರೇ.